ಬಸಂತರಾಯರ ಕಿವುಡಿನ ಸರ್ಟಿಫಿಕೇಟು

ಹೊರ್ತಿಯ ಬಸಂತರಾಯರು ಕಿವುಡರಾಗಿ ಮೂರು ವರ್ಷವಾಗಿತ್ತು. ಅದು ನಾಟಕವೆಂಬುದು ಅವರೊಬ್ಬರಿಗೇ ಗೊತ್ತು. ಬದುವಿನ ತಂಟೆ, ಅಣ್ಣತಮ್ಮಂದಿರ ಪಾಲಿನ ಜಗಳ ಎಲ್ಲವೂ ನ್ಯಾಯಕ್ಕೆ ಅವರ ಕಟ್ಟೆಗೇ ಬರುತ್ತಿದ್ದವು. ಹೇಳಿ ಹೇಳಿ ಸಾಕಾಗಿ ಒಂದು ದಿನ "ಆಂ? ಏನಂದಿ?" ಎಂದು ಕಿವಿಗೆ ಕೈ ಹಚ್ಚಿದವರು ಮತ್ತೆ ಇಳಿಸಿರಲಿಲ್ಲ. ಅಂದಿನಿಂದ ಕಣ್ತುಂಬ ನಿದ್ದೆ.

ಇಂದು ಬೆಳಿಗ್ಗೆ ಆ ಸುಖಕ್ಕೆ ಕಲ್ಲು ಬಿತ್ತು. ಪಕ್ಕದ ಮನೆಯ ಮಲ್ಲಣ್ಣ ಓಡುತ್ತ ಬಂದು ಅವರ ಕಿವಿಯಲ್ಲಿ ಒದರಿದ.

"ಕಾಕಾ! ಇಂಡಿ ತಾಲೂಕ ದವಾಖಾನ್ಯಾಗ ಅಂಗವಿಕಲರ ಕ್ಯಾಂಪ್ ಐತ್ರಿ! ನಿಮ್ಮ ಹೆಸರ ಬರಸೇನಿ! ಪಿಂಚಣಿ ಬರ್ತೈತಿ!"

"ಆಂ? ಏನಂದಿ?"

ಈ ಸಲ ಅದು ನಡೆಯಲಿಲ್ಲ. ಮಲ್ಲಣ್ಣ ರಟ್ಟೆ ಹಿಡಿದು ಎಬ್ಬಿಸಿದ. ಇನ್ನೊಂದು ಪಕ್ಕದ ಗುಂಡವ್ವ ರೊಟ್ಟಿಯ ಗಂಟು ಕಟ್ಟಿಕೊಂಡು ಕ್ರೂಸರ್ ಜೀಪು ಹತ್ತಿಯೇಬಿಟ್ಟಳು. ದಾರಿಯುದ್ದಕ್ಕೂ ರಾಯರಿಗೆ ಒಂದೇ ಚಿಂತೆ. ಗುಟ್ಟು ರಟ್ಟಾದರೆ ಮಾನವೂ ಹೋಯಿತು, ನಿದ್ದೆಯೂ ಹೋಯಿತು!

ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿದ್ದೇ ತಡ, ರಾಯರು ಡಾಕ್ಟರ್ ರಾಜೇಶ್ವರಿಯವರಿಗೆ ಕೈಮುಗಿದರು.

"ಡಾಕ್ಟರ್ ಬಾಯಾರ, ನಾ ಕಿವುಡ ಅಲ್ರಿ, ನಾಟಕಾ ಮಾಡೇನಿ. ಪಿಂಚಣಿ ಬ್ಯಾಡ್ರಿ. ಕಿವುಡ ಅಂತ ಒಂದ ಚೀಟಿ ಬರದ ಕೊಡ್ರಿ, ಸಾಕು!"

ಡಾಕ್ಟರಿಗೆ ಸಿಟ್ಟು ಬಂತು. "ಹೊರಗ ಖರೇ ಕಿವುಡರು ಪಾಳಿ ಹಚ್ಚ್ಯಾರ್ರಿ!" ಎಂದು ಜೋರಾಗಿ ಗದರಿದರು. "ನಾ ಒಂದ ಸುಳ್ಳ ಬರದ್ರ ನಾಳೆ ಅವರ ಚೀಟಿನೂ ಯಾರೂ ನಂಬಾಂಗಿಲ್ಲ. ಮಷಿನ್ ಏನ ಹೇಳತೈತಿ, ಅದನ್ನ ಬರೀತೇನಿ."

ಎಷ್ಟೆಂದರೂ ನ್ಯಾಯ ಹೇಳಿದ ಬಾಯಿ; ರಾಯರಿಗೆ ನಾಚಿಕೆಯಾಯಿತು. ಹೆಡ್‌ಫೋನ್ ಹಾಕಿಕೊಂಡು, ಸಪ್ಪಳ ಕೇಳಿದಾಗೆಲ್ಲ ಪ್ರಾಮಾಣಿಕವಾಗಿ ಗುಂಡಿ ಒತ್ತಿದರು.

ಡಾಕ್ಟರು ಕಾಗದ ನೋಡಿದರು, ರಾಯರನ್ನು ನೋಡಿದರು, ಇನ್ನೊಮ್ಮೆ ಪರೀಕ್ಷೆ ಮಾಡಿದರು.

"ನಾಟಕ ಎಲ್ಲೀದ್ರಿ? ನೂರಕ್ಕ ಐವತ್ತು ಹೋಗೈತಿ! ಮೂರ ವರ್ಷದಿಂದ ಮಂದಿ ನಿಮ್ಮ ಮುಂದ ಒದರೇ ಮಾತಾಡ್ತಾರ, ಹಂಗಾಗಿ ನಿಮಗ ತಿಳದಿಲ್ಲ!"

ರಾಯರು ಕುಣಿಯುವುದೊಂದು ಬಾಕಿ. ಮಾನ ಉಳಿಯಿತು, ಪಿಂಚಣಿ ಬಂತು, ನೆಮ್ಮದಿಗೆ ಸರಕಾರದ ಮೊಹರೇ ಬಿತ್ತು!

"ತಡೀರಿ, ಇದೂ ಪುಕ್ಕಟೆ ಕೊಡ್ತೇವಿ," ಎನ್ನುತ್ತ ಡಾಕ್ಟರು ಎರಡೂ ಕಿವಿಗೆ ಪುಟ್ಟ ಮಷಿನ್ ಸಿಕ್ಕಿಸಿ, ಬಾಗಿಲು ತೆರೆದು ಮಲ್ಲಣ್ಣನನ್ನು ಕರೆದರು.

"ಕೇಳಸಾಕತ್ತೈತೇನ್ರಿ ಕಾಕಾ?" ಮಲ್ಲಣ್ಣ ಪಿಸುಗುಟ್ಟಿದ. ಖುಷಿಯ ಭರದಲ್ಲಿ ರಾಯರು ತಲೆಯಾಡಿಸಿಬಿಟ್ಟರು.

ಅಷ್ಟು ಸಾಕಾಯಿತು. ಗುಂಡವ್ವ ಮುನ್ನುಗ್ಗಿ ಬಂದು ಎದುರಿಗೇ ಕುಕ್ಕರಿಸಿದಳು.

"ಕಾಕಾ, ನಿಮ್ಮ ಹಿತ್ತಲದಾಚಿ ಗ್ವಾಡಿ ಸಲುವಾಗಿ ನನಗೂ ಈ ಮಲ್ಲಣ್ಣಗೂ ಮೂರ ವರ್ಷದಿಂದ ಜಗಳ ಐತ್ರಿ. ನಿಮ್ಮ ಕಿವಿ ಬರಲಿ ಅಂತ ಕಾದೇವಿ. ಮೊದಲ ನಂದ ಕೇಳ್ರಿ."

"ಆಕೀದ್ಹೆಂಗ ಮೊದಲ?" ಮಲ್ಲಣ್ಣ ತೋಳೇರಿಸಿದ. "ಕ್ಯಾಂಪಿಗೆ ಹೆಸರ ಬರಸಿದಾಂವ ನಾ!"