ಕರ್ತವ್ಯದ ಕಾಲಂ

ಸುತ್ತೋಲೆ ಬಂದದ್ದು ಬೆಳಗ್ಗೆ ಹತ್ತೂಕಾಲಿಗೆ. ನಗರಸಭೆಯ ಪ್ರತಿಯೊಬ್ಬ ನೌಕರನೂ ತನ್ನ ಹುದ್ದೆಯ ಅರ್ಹತೆ, ಸಂಬಳ ಮತ್ತು ಕರ್ತವ್ಯಗಳನ್ನು ನಮೂನೆಯಲ್ಲಿ ತುಂಬಿ ಸಂಜೆ ಐದರೊಳಗೆ ಹೊಸ ಆಯುಕ್ತೆಗೆ ಒಪ್ಪಿಸಬೇಕು. ಕರ್ತವ್ಯದ ಕಾಲಂ ಖಾಲಿ ಬಿಟ್ಟವರ ಹುದ್ದೆ ನಾಳೆಯಿಂದಲೇ ರದ್ದು.

ಕಿಟಕಿ ಪಕ್ಕದ ಮೇಜಿನವನು ಸುತ್ತೋಲೆಯನ್ನು ಎರಡು ಸಲ ಓದಿದ. ಅವನ ಹುದ್ದೆಯ ಹೆಸರು ‘ಉಪಮೇಲ್ವಿಚಾರಕ, ಇತರೆ’. ಹನ್ನೊಂದು ವರ್ಷದಿಂದ ಇಡೀ ಕಚೇರಿ ಅವನನ್ನು ಇತರೆಯಪ್ಪ ಎಂದೇ ಕರೆಯುತ್ತಿತ್ತು. ಸಂಬಳದ ಕಾಲಂ ಕಣ್ಣುಮುಚ್ಚಿ ತುಂಬಿದ. ಅರ್ಹತೆ, ಹತ್ತನೇ ತರಗತಿ ಪಾಸು. ಕರ್ತವ್ಯಕ್ಕೆ ಬಂದಾಗ ಪೆನ್ನು ಗಕ್ಕನೆ ನಿಂತಿತು. ಅಯ್ಯೋ ದೇವರೇ, ತಾನು ಮಾಡುವ ಕೆಲಸವಾದರೂ ಏನು? ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅಳಿಯ ದೊಡ್ಡ ಅಧಿಕಾರಿಯೆಂದು ಬೀದಿಗೆಲ್ಲ ಡಂಗುರ ಸಾರುವ ಅತ್ತೆ. ಕೆಲಸ ಹೋದರೆ ಅವರೆದುರು ನಿಲ್ಲುವುದು ಹೇಗೆ?

ಹೆಡ್ ಕ್ಲಾರ್ಕ್ ಬಳಿಗೆ ಓಡಿದ.

“ಸಾರ್, ನನ್ನ ಕೆಲಸ ಏನು ಸಾರ್?”

ಅವರು ಕನ್ನಡಕವನ್ನು ಹಣೆಗೇರಿಸಿ ಫ್ಯಾನ್ ನೋಡಿದರು. “ನಿನ್ನ ಕೆಲಸಾನಾ? ನೀನು ಇರ್ತೀಯಲ್ಲಪ್ಪ, ಅದೇ. ಅಂದಹಾಗೆ ಈ ಚರಂಡಿ ದೂರುಗಳಿಗೆಲ್ಲ ಉತ್ತರ ಬರೆದುಬಿಡು, ನಂಗೆ ತಲೆ ಸಿಡೀತಿದೆ.”

ಹದಿನೇಳು ಉತ್ತರ ಬರೆದು, ತನ್ನ ನೇಮಕಾತಿ ಆದೇಶವಾದರೂ ಸಿಕ್ಕೀತೆಂದು ಹಳೆ ಕಡತಗಳ ಕೋಣೆಗೆ ಹೋದ. ಅಲ್ಲಿಯ ಮುದುಕ ನಾಲ್ಕು ಸಲ ಸೀನಿ ಆದೇಶ ಹುಡುಕಿಕೊಟ್ಟ. ‘ಕರ್ತವ್ಯಗಳಿಗೆ ಅನುಬಂಧ ಎರಡನ್ನು ನೋಡಿ’ ಎಂದಿತ್ತು. ಅನುಬಂಧ ಎರಡರಲ್ಲಿ ‘ನೇಮಕಾತಿ ಆದೇಶವನ್ನು ನೋಡಿ’ ಎಂದಿತ್ತು.

“ಸರ್ಕಾರಕ್ಕೇ ಗೊತ್ತಿಲ್ಲ ಬಿಡು, ಪಾಪ,” ಎಂದ ಮುದುಕ. “ಹೇಗೂ ಬಂದಿದ್ದೀಯ, ಈ ಜನನ ಪ್ರಮಾಣಪತ್ರಗಳ ಕಟ್ಟು ತಾಳೆ ನೋಡಿಕೊಟ್ಟು ಹೋಗು.”

ಅದು ಮುಗಿಯುವಷ್ಟರಲ್ಲಿ ನಕಾಶೆ ವಿಭಾಗದವರು ಬೀದಿದೀಪದ ನಕ್ಷೆ ತಿದ್ದಲು ಕೂರಿಸಿದರು. ಆರೋಗ್ಯ ವಿಭಾಗದವರು, ಸೊಳ್ಳೆ ಔಷಧ ಹೊಡೆದಿದ್ದಾರೋ ಇಲ್ಲವೋ ನೋಡಿಕೊಂಡು ಬಾ ಎಂದು ಹಿಂದಿನ ಗಲ್ಲಿಗೆ ಅಟ್ಟಿದರು. ಗಂಟೆ ಮೂರಾಯಿತು. ಊಟವಿಲ್ಲ, ಕಾಲಂ ಖಾಲಿ. ಇತರೆಯಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ.

“ಯಾಕೋ ಮುಖ ಹೀಗೆ ಬಾಡಿದೆ?” ಕೆಳಗಿಳಿಯುತ್ತಿದ್ದ ತೆರಿಗೆ ವಿಭಾಗದ ಅಕ್ಕ ಕೇಳಿದಳು.

“ಅಕ್ಕಾ, ನಾನು ಏನು ಕೆಲಸ ಮಾಡ್ತೀನಿ ಅಂತ ನಂಗೇ ಗೊತ್ತಿಲ್ಲ.”

“ಥೂ ಪೆದ್ದ! ಬೆಳಗ್ಗೆಯಿಂದ ಎಲ್ಲರ ಕೆಲಸಾನೂ ನೀನೇ ಮಾಡ್ತಿದ್ದೀಯಲ್ಲೋ. ಅದನ್ನೇ ಬರಿ!”

ಹೋದ ಜೀವ ಬಂದಂತಾಯಿತು. ಅವನು ಬರೆಯಲು ಕೂತದ್ದೇ ತಡ, ಸುದ್ದಿ ಹಬ್ಬಿ ಮಹಡಿಯವರೆಲ್ಲ ಮೇಜು ಮುತ್ತಿದರು. “ನಂದೂ ಎರಡು ಸೇರಿಸ್ಕೊ ಮಾರಾಯ, ಪುಣ್ಯ ಬರತ್ತೆ.” “ನೀರಿನ ಪರೀಕ್ಷೆ ಬಿಟ್ಟೆಯಲ್ಲೋ!” ಯಾರ್ಯಾರಿಗೆ ಯಾವ ಕೆಲಸ ಬೇಡವಾಗಿತ್ತೋ ಅವೆಲ್ಲ ಬಂದು ಬಿದ್ದವು. ಒಂದು ಕಾಲಂ ನಾಲ್ಕು ಪುಟವಾಯಿತು.

ಐದಕ್ಕೆ ಐದು ನಿಮಿಷವಿದ್ದಾಗ ಆಯುಕ್ತೆ ನಾಲ್ಕೂ ಪುಟ ಓದಿ ತಲೆಯೆತ್ತಿದರು.

“ಅದ್ಭುತ. ಈ ಹುದ್ದೆ ಇಲ್ಲದಿದ್ದರೆ ನಗರಸಭೆಗೇ ಬೀಗ ಹಾಕಬೇಕು. ರದ್ದು ಮಾಡೋ ಪ್ರಶ್ನೆಯೇ ಇಲ್ಲ.”

ಇತರೆಯಪ್ಪನ ಕಣ್ಣು ತುಂಬಿ ಬಂತು.

“ಆದರೆ ಚರಂಡಿಗೆ ಎಂಜಿನಿಯರ್ ಬೇಕು, ನೀರಿನ ಪರೀಕ್ಷೆಗೆ ವಿಜ್ಞಾನ ಪದವಿ, ಪ್ರಮಾಣಪತ್ರಕ್ಕೆ ಕಾನೂನು ಓದಿರಬೇಕು. ನಿಮ್ಮದು ಹತ್ತನೇ ತರಗತಿ.”

“ಹನ್ನೊಂದು ವರ್ಷದಿಂದ ನಾನೇ ಮಾಡ್ತಿದ್ದೀನಿ ಮೇಡಂ!”

“ಅದೇ ನೋಡಿ. ಅರ್ಹತೆ ಇಲ್ಲದೆ ಹನ್ನೊಂದು ವರ್ಷ! ಇದಕ್ಕೆ ವಿಚಾರಣೆ ಆಗಲೇಬೇಕು.”

“ವಿ... ವಿಚಾರಣೆ ಯಾರು ಮಾಡ್ತಾರೆ ಮೇಡಂ?”

ಅವರು ನಾಲ್ಕನೇ ಪುಟ ತಿರುಗಿಸಿ ಬೆರಳಿಟ್ಟರು. “ಇಲ್ಲೇ ಬರೆದಿದ್ದೀರಲ್ಲ, ‘ತಪ್ಪಿತಸ್ಥ ನೌಕರರ ವಿಚಾರಣೆ ನಡೆಸಿ ವರದಿ ಸಲ್ಲಿಸುವುದು’. ವರದಿ ನಾಳೆ ಹತ್ತಕ್ಕೆ ತನ್ನಿ.”

ಇತರೆಯಪ್ಪ ತನ್ನ ಮೇಜಿಗೆ ಬಂದು ಬಿಳಿ ಹಾಳೆ ಎಳೆದುಕೊಂಡ. ಮೊದಲ ಸಾಲಿಗೇ ಗೊಂದಲ.

“ಸಾರ್, ನನ್ನ ವಿಚಾರಣೆ ವರದೀಲಿ ‘ನಾನು’ ಅಂತ ಬರೀಲಾ, ‘ಸದರಿ ನೌಕರ’ ಅಂತ ಬರೀಲಾ?”

ಹೆಡ್ ಕ್ಲಾರ್ಕ್ ಚೀಲ ಹೆಗಲಿಗೇರಿಸುತ್ತ ಕನಿಕರದಿಂದ ಹೇಳಿದರು: “ಸದರಿ ನೌಕರ ಅಂತಲೇ ಬರಿಯಪ್ಪ. ಕೊನೇಲಿ ‘ವಜಾ ಮಾಡಬಹುದು’ ಅಂತ ಬರೆಯುವಾಗ ಕೈ ನಡುಗಲ್ಲ.”