ಹೆಂಡತಿಯ ಫೋನಿಗೆ ಬಾರದ ಬಸ್ಸು

ಊರಿಗೆಲ್ಲ ಉಪಕಾರ ಮಾಡುವುದು ಸುಲಭ, ಮನೆಯವರಿಗೆ ಮಾಡುವುದೇ ಕಷ್ಟ ಎಂದು ನನಗೆ ತಿಳಿದದ್ದು ಒಂದು ಆ್ಯಪ್ ಮಾಡಿದ ಮೇಲೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಹೆಂಡತಿ ಹರಿಹರಪುರದಲ್ಲಿ ಇಂಗ್ಲಿಷ್ ಟೀಚರ್. ಶಾಲೆ ಬಿಟ್ಟ ಕೂಡಲೇ ಅವಳ ಫೋನ್ ಬರುತ್ತದೆ: "ರೀ, ಐದೂಕಾಲಿನ ಬಸ್ ಉಂಟಾ ಇವತ್ತು?" ಮದುವೆಯ ಕಾಲದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ನಮ್ಮ ಕಡೆಯ ಬಸ್ಸುಗಳಿಗೆ ರೂಟಿಗಿಂತ ದಿಬ್ಬಣದ ಮೇಲೆ ಪ್ರೀತಿ ಜಾಸ್ತಿ. ಬೆಳಿಗ್ಗೆ ಮೂತಿಗೆ ಹಾರ ಬಿತ್ತೆಂದರೆ ಆ ಬಸ್ಸು ಅವತ್ತು ಶೃಂಗೇರಿಗೂ ಇಲ್ಲ, ನರಸಿಂಹರಾಜಪುರಕ್ಕೂ ಇಲ್ಲ, ಯಾರದೋ ಮನೆಯ ಹೋಳಿಗೆ ಊಟಕ್ಕೆ ಹೋಗಿರುತ್ತದೆ. ಅದು ತಿಳಿಯದೆ ಅವಳು ಕತ್ತಲಾಗುವವರೆಗೆ ಸ್ಟಾಪಿನಲ್ಲಿ ನಿಂತು ಬಂದ ದಿನ ನಮ್ಮ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡುತ್ತವೆ.

ಹಾಗಾಗಿ ವಿಡಿಯೋ ನೋಡಿ ನೋಡಿ ಕಲಿತು ನಮ್ಮ ಸುತ್ತಿನ ಮೂರು ತಾಲೂಕಿನ ಬಸ್ಸುಗಳಿಗೆ ಆ್ಯಪ್ ಕಟ್ಟಿದೆ. ನಿಂತಲ್ಲೇ ತೆರೆದರೆ ಮುಂದಿನ ಬಸ್ಸು ಯಾವಾಗ ಎಂದು ಹೇಳುತ್ತದೆ; ದಿಬ್ಬಣಕ್ಕೆ ಹೋದದ್ದನ್ನು ನಾನು ಅಂಗಡಿಯಲ್ಲಿ ಕೂತೇ ಪಟ್ಟಿಯಿಂದ ಹೊಡೆದುಹಾಕುತ್ತೇನೆ. ಎಲ್ಲರೂ ಹೊಗಳಿದರು. ಯಾರಿಗಾಗಿ ಮಾಡಿದೆನೋ ಅವಳ ಫೋನಿಗೆ ಮಾತ್ರ ಅದು ಬರಲಿಲ್ಲ. ನಾನು ಮಾಡಿದ್ದು ಆಂಡ್ರಾಯ್ಡ್ ಫೋನುಗಳಿಗೆ; ಅವಳದು ಐಫೋನ್, ಅವಳ ತಮ್ಮ ಕೊಡಿಸಿದ್ದು. ತವರಿನ ವಸ್ತುವನ್ನು ಬದಲಾಯಿಸು ಎನ್ನುವ ಧೈರ್ಯ ನನಗೆ ಇನ್ನೂ ಬಂದಿಲ್ಲ. "ಹೂ ಮಾರೋಳಿಗೆ ಬರುತ್ತೆ, ಪಕ್ಕದ ಮನೆಯವರಿಗೆ ಬರುತ್ತೆ, ನನಗೊಬ್ಬಳಿಗೆ ಬರಲ್ಲ ಅಲ್ವಾ?" ಎಂದಳು.

ಐಫೋನಿನ ಆ್ಯಪ್ ಅಂಗಡಿಗೆ ನನ್ನದನ್ನು ಸೇರಿಸಲು ಆ ಕಂಪನಿಯದೇ ಕಂಪ್ಯೂಟರ್ ಬೇಕಂತೆ. ನನ್ನ ಅಂಗಡಿಯನ್ನು ನನ್ನ ಸಮೇತ ಮಾರಿದರೂ ಅದು ಬರುವ ಹಾಗಿರಲಿಲ್ಲ. ಹುಡುಕಿದಾಗ ಒಂದು ದಾರಿ ಸಿಕ್ಕಿತು: ಯಾವುದೋ ದೇಶದಲ್ಲಿ ಕೂತ ಅಂಥ ಕಂಪ್ಯೂಟರನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು, ನನ್ನ ಹಳೆಯ ಡಬ್ಬಾ ಕಂಪ್ಯೂಟರಿನ ಪರದೆಯ ಮೇಲೇ ಓಡಿಸಬಹುದು. ಚಿಕ್ಕಂದಿನ ಬಾಡಿಗೆ ಸೈಕಲ್ ನೆನಪಾಯಿತು. ಆಗ ಚೈನ್ ಬಿದ್ದರೂ ಬಾಡಿಗೆ ಏರುತ್ತಿತ್ತು. ಈಗ ಕೊಪ್ಪದಲ್ಲಿ ಕರೆಂಟ್ ಹೋದರೂ ಏರುತ್ತಿತ್ತು. ಅಂತೂ ಆ್ಯಪನ್ನು ಕಂಪನಿಯವರ ಪರೀಕ್ಷೆಗೆ ಕಳಿಸಿದೆ.

ಎರಡೇ ದಿನದಲ್ಲಿ ವಾಪಸ್ ಬಂತು. "ಇದರೊಳಗೆ ಏನೂ ಇಲ್ಲ" ಎಂಬ ಷರಾ, ಜೊತೆಗೆ ಸಾಕ್ಷಿಗೆ ಅವರ ಫೋನಿನ ಪರದೆಯ ಚಿತ್ರ. ನೋಡಿದರೆ ನನ್ನದೇ ಮಾತು. ನಮ್ಮ ಮೂರು ತಾಲೂಕಿನ ಆಚೆ ನಿಂತು ತೆರೆದವರಿಗೆ ಏನು ಹೇಳುವುದು ಎಂದು ಯೋಚಿಸಿ, ನನಗೆ ಮಾತು ಕಲಿಸಿದ ದೊಡ್ಡಮ್ಮನ ಧಾಟಿಯಲ್ಲಿ ಒಂದು ಸಾಲು ಬರೆದಿಟ್ಟಿದ್ದೆ: "ನೀವಿದ್ದಲ್ಲಿಗೆ ಬಸ್ಸಿಲ್ಲ ಮಾರಾಯ್ರೆ, ನಡ್ಕೊಂಡೇ ಬರ್ಬೇಕು." ಪರೀಕ್ಷೆ ಮಾಡುವವರು ಕೊಪ್ಪದಲ್ಲಿ ಇರುವುದಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ಎಲ್ಲೋ ಸಮುದ್ರದಾಚೆ ಕೂತ ಪುಣ್ಯಾತ್ಮ ಎಷ್ಟು ಸಲ ಒತ್ತಿದನೋ, ಪ್ರತಿ ಸಲವೂ ನಡೆದುಕೊಂಡು ಬಾ ಎಂದೇ ಉತ್ತರ.

ಹೆಂಡತಿ ಓದಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಕರೆದ ನೆಂಟರಿಗೆ ಬಾಗಿಲಲ್ಲೇ ಹೀಗಂತಾರೇನ್ರೀ? 'ಕೊಪ್ಪದಲ್ಲಿ ಇದ್ದೇನೆ ಅಂದ್ಕೊಳ್ಳಿ' ಅಂತ ಒಂದು ಬಟನ್ ಇಡಿ. ಕಂಪನಿಗೆ ಕಾಗದ ನಾನು ಬರೀತೀನಿ." ಬಟನ್ ಇಟ್ಟು ಮತ್ತೆ ಕಳಿಸಿದೆ; ಅವಳ ಇಂಗ್ಲಿಷಿಗೆ ಆ ಕಂಪನಿಯೂ ತಲೆಬಾಗಿತು. ಆ್ಯಪ್ ಅವಳ ಫೋನಿಗೆ ಇಳಿಯಿತು.

ಮರುದಿನ ಸಂಜೆ ನನ್ನ ಫೋನ್ ಸುಮ್ಮನಿತ್ತು. ಸಿಗ್ನಲ್ ನೋಡಿದೆ, ಚಾರ್ಜ್ ನೋಡಿದೆ, ಎಲ್ಲ ಸರಿ ಇತ್ತು. ಅವಳು ಹೊತ್ತಿಗೆ ಸರಿಯಾಗಿ ಮನೆಗೆ ಬಂದಳು. ವಾರವಿಡೀ ಹೀಗೇ. ಮೊದಲೆಲ್ಲ ಬಸ್ಸಿನ ಆ ಪ್ರಶ್ನೆಯ ಹಿಂದೆಯೇ ಟೀಚರುಗಳ ಜಗಳ, ಮಕ್ಕಳ ತರಲೆ, ರಾತ್ರಿಯ ಸಾರಿಗೆ ಏನು ಎಂಬ ವಿಚಾರ ಎಲ್ಲ ಬರುತ್ತಿತ್ತು. ಮನೆಗೆ ಬಂದ ಮೇಲೆ ಅವಳಿಗೆ ಉತ್ತರಪತ್ರಿಕೆ, ನನಗೆ ಟಿವಿ. ಕೊನೆಗೆ ತಡೆಯಲಾರದೆ ನಾನೇ ಫೋನ್ ಮಾಡಿದೆ.

"ಬಸ್ ಸಿಕ್ತಾ?"

"ಸಿಕ್ತು. ಕಿಟಕಿ ಪಕ್ಕ ಸೀಟೂ ಸಿಕ್ತು. ಯಾಕ್ರೀ, ಆ್ಯಪ್ ಕೆಟ್ಟಿದೆಯಾ?"

"ಹೂಂ, ಸ್ವಲ್ಪ ಕೆಟ್ಟಿದೆ. ನಾಳೆಯಿಂದ ನನಗೇ ಫೋನ್ ಮಾಡಿ ಕೇಳು" ಎಂದೆ.