ಎರಡು ಹಲ್ಲಿನ ಕಾರು

ನಮ್ಮ ಮಾವನ ಲೆಕ್ಕದಲ್ಲಿ ಈ ಲೋಕದಲ್ಲಿರುವುದು ಎರಡೇ ಬಗೆ: ಎತ್ತುಗಳು, ಮತ್ತು ಇನ್ನೂ ಎತ್ತಾಗದೆ ಉಳಿದವು. ನೀವು, ನಾನು, ಹೊಲಿಗೆ ಮಿಷನ್ನು, ತಹಸೀಲ್ದಾರರು ಎಲ್ಲರೂ ಎರಡನೆಯ ಬಗೆ. ಅದಕ್ಕಾಗಿ ಅವರು ನಮ್ಮ ಮೇಲೆ ಸಿಟ್ಟು ಮಾಡಿಕೊಂಡವರಲ್ಲ, ಕನಿಕರ ಪಟ್ಟವರು.

ಮಾವ ಎಂದರೆ ನನ್ನ ತಾಯಿಯ ಅಣ್ಣ. ನಮ್ಮೂರು ಕೊಂಬೈಯಲ್ಲಿ ಭತ್ತ, ತೆಂಗು ಬೆಳೆಯುತ್ತಿದ್ದರೂ ಅವರಿಗೆ ಹೆಸರು ಬಂದದ್ದು ದನ ನೋಡುವ ಕೆಲಸದಿಂದ. ಹೋರಿಯ ಮೈಮೇಲೆ ಸುಳಿ ಎಲ್ಲಿ ಬಿದ್ದಿದೆ, ಬಾಯಲ್ಲಿ ಹಲ್ಲೆಷ್ಟು, ಗೊರಸು ನೆಲ ಕಚ್ಚುತ್ತದೆಯೇ ಎಂದು ನೋಡಿ ಅವರು ಒಂದು ಮಾತು ಹೇಳಿದರೆ ಕಂಬಂ ಕಣಿವೆಯಲ್ಲಿ ಅದಕ್ಕೆ ಎದುರಿರಲಿಲ್ಲ. ನಮ್ಮ ಕುಲದೇವರ ಹೆಸರಲ್ಲಿ ದನ ಸಾಕುವ ದೊಡ್ಡಿಗೆ ಅವರ ಕೈ ತಟ್ಟದೆ ಒಂದು ಹೋರಿಯೂ ಬಂದದ್ದಿಲ್ಲ.

ಕಷ್ಟ ಏನೆಂದರೆ, ಆ ಕೈ ದೊಡ್ಡಿಯಲ್ಲೇ ನಿಲ್ಲುತ್ತಿರಲಿಲ್ಲ. ನನ್ನನ್ನು ನೋಡಲು ಗಂಡಿನವರು ಬಂದ ದಿನ ಎಲ್ಲರೂ ಮಾತಾಡುತ್ತಿದ್ದರೆ ಮಾವ ಮೆಲ್ಲಗೆ ಎದ್ದು ವರನ ಬೆನ್ನ ಹಿಂದೆ ನಿಂತರು. ತಲೆ ಸವರಿ, "ಸುಳಿ ಒಂದೇ ಐತೆ, ನಡುಮಧ್ಯೆ ಐತೆ. ಪರವಾಯಿಲ್ಲೆ. ಆದ್ರೆ ನಡೆಸಿ ನೋಡ್ಬೇಕು" ಎಂದರು. ಪಾಪ, ವರ ಕಾಫಿ ಲೋಟ ಹಿಡಿದುಕೊಂಡೇ ಅಂಗಳದಲ್ಲಿ ಎರಡು ಸುತ್ತು ನಡೆದರು. ಅವರೇ ನಮ್ಮ ಯಜಮಾನರು. ಇಂದಿಗೂ ಮಾವನ ನೆನಪಾದರೆ ಹೆಜ್ಜೆ ನೆಟ್ಟಗೆ ಇಡುತ್ತಾರೆ.

ಇನ್ನೊಮ್ಮೆ ತೇನಿಗೆ ಹೊರಟಿದ್ದೆವು. ಮಾವ ಬಸ್ಸು ಹತ್ತುವ ಮೊದಲು ಅದರ ಹಿಂಭಾಗಕ್ಕೆ ಎರಡು ಸಲ ತಟ್ಟಿ, "ಎಡಗಡೆ ಹಿಂಗಾಲು ಸರಿಯಿಲ್ಲೆ, ನಾನು ಬರಲ್ಲ" ಎಂದು ಹಿಂದೆ ಸರಿದರು. ನಾನೇನು ಕೇಳುತ್ತೇನೆಯೇ? ಠೀವಿಯಿಂದ ಹತ್ತಿ ಕೂತೆ. ಉತ್ತಮಪಾಳ್ಯಂ ದಾಟುತ್ತಿದ್ದಂತೆ ಎಡಗಡೆ ಹಿಂದಿನ ಚಕ್ರ ಕೂತುಬಿಟ್ಟಿತು. ರಸ್ತೆ ಬದಿಯಲ್ಲಿ ಬಿಸಿಲಲ್ಲಿ ಕಾಯುತ್ತಾ ನಿಂತಿದ್ದಾಗ ಒಂದು ಎತ್ತಿನ ಗಾಡಿ ನಿಧಾನವಾಗಿ ಬಂತು. ಗಾಡಿಯಲ್ಲಿದ್ದ ಮಾವ ಕೇಳಿದ್ದು ಇಷ್ಟೇ: "ಏರ್ತೀಯಾ ತಾಯಿ?"

ಇಂಥವರಿಗೆ ಅರವತ್ತರ ದಶಕದ ನಡುವೆ ಕಣ್ಣು ಮಂಜಾಯಿತು ಎಂದು ಊರು ಮಾತಾಡತೊಡಗಿತು. ಮಾವ ಒಪ್ಪಲಿಲ್ಲ. ಕಂಬಕ್ಕೆ ಡಿಕ್ಕಿ ಹೊಡೆದರೆ ಕಂಬವನ್ನು ಬೈದರು. ಆದರೆ ದೊಡ್ಡಿಗೆ ಹೊಸ ಹೋರಿ ತರುವ ಹೊತ್ತು ಬಂದಾಗ ದೊಡ್ಡಿ ನೋಡಿಕೊಳ್ಳುವ ಊರ ಗೌಡರು ನಮ್ಮ ಮನೆಗೇ ಬಂದು, "ಈ ಸಲ ನೀವು ಮನೇಲಿರಿ ಅಣ್ಣ. ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗ್ತೀವಿ" ಎಂದುಬಿಟ್ಟರು. ಆ ದಿನ ಮಾವ ಊಟ ಮಾಡಲಿಲ್ಲ. ಜಗುಲಿಯಲ್ಲಿ ಕೂತು ಒಂದೇ ಸಮನೆ ತಮ್ಮ ಅಂಗೈ ಸವರಿಕೊಳ್ಳುತ್ತಿದ್ದರು. ನನಗೆ ನೋಡಲಾಗಲಿಲ್ಲ.

ಆಗಲೇ ವಿದ್ಯುತ್ ಇಲಾಖೆಯ ಎಂಜಿನಿಯರರ ಮನೆಗೆ ಸಿಂಗಪುರದಿಂದ ಒಂದು ಆಟಿಕೆ ಬಂದದ್ದು. ದಿಂಡುಗಲ್ಲಿನವರು, ಒಳ್ಳೆಯವರು, ಸ್ವಲ್ಪ ಜಂಬ. ಮೇಜಿನ ಮೇಲೆ ಎಂಟರ ಆಕಾರದ ದಾರಿ, ದಾರಿಯಲ್ಲಿ ಎರಡು ಸೀಳು, ಸೀಳಿನಲ್ಲಿ ಮೂತಿ ತೂರಿಸಿಕೊಂಡು ಓಡುವ ಅಂಗೈಯಗಲದ ಎರಡು ಕಾರು. ಕೈಯಲ್ಲಿ ಗುಂಡಿ ಒತ್ತಿದರೆ ಕರೆಂಟು, ಒತ್ತಿದಷ್ಟೂ ಓಟ. ಊರೆಲ್ಲ ನೋಡಿ ಬಂದಿತ್ತು. ಒಂದು ಭಾನುವಾರ ಗೌಡರು ಹೊರಟಾಗ ನಾನೂ ಮಾವನನ್ನು ಎಳೆದುಕೊಂಡು ಹೋದೆ.

ಎಂಜಿನಿಯರರು ನಗುತ್ತಾ, "ದೊಡ್ಡವರೇ, ಹೋರಿ ನೋಡೋದ್ರಲ್ಲಿ ನೀವು ಭಾರೀ ಅಂತ ಕೇಳಿದೀನಿ. ಇದ್ರಲ್ಲಿ ಒಂದು ಆರಿಸ್ಕೊಳ್ಳಿ, ಓಡಿಸೋಣ" ಎಂದರು. ಗೌಡರಿಗೂ ತಮಾಷೆ ಎನಿಸಿತು. "ಗೆದ್ರೆ ಗುರುವಾರ ದೊಡ್ಡಿಗೆ ಹೋರಿ ಆರಿಸೋಕೂ ನೀವೇ ಬನ್ನಿ ಅಣ್ಣ" ಎಂದರು. ಅವರಿಗದು ತಮಾಷೆ. ಮಾವ ಮಾತ್ರ ಹೆಗಲ ಮೇಲಿನ ಟವೆಲ್ಲು ತೆಗೆದು ಸೊಂಟಕ್ಕೆ ಕಟ್ಟಿದರು.

ಮೊದಲು ಕೆಂಪು ಕಾರು. ಮಿರಮಿರ ಮಿನುಗುವ ಮೈ, ಉದ್ದ ಮೂತಿ, ನೋಡಿದವರೆಲ್ಲ ಮೆಚ್ಚಿದ್ದು ಅದನ್ನೇ. ಮಾವ ಬೆನ್ನು, ಮೂತಿಯಡಿ ಸವರಿ, ಹಿಂದಿನ ಚಕ್ರದ ರಬ್ಬರಿಗೆ ಉಗುರು ಒತ್ತಿ, "ಮೈ ನುಣುಪು. ಗೊರಸು ಕಲ್ಲಾಗೈತೆ, ತಿರುವಲ್ಲಿ ಜಾರ್ತೈತೆ" ಎಂದು ಕೆಳಗಿಟ್ಟರು. ಇನ್ನೊಂದು ಹಸಿರು. ಒಂದು ಕಡೆ ಬಣ್ಣ ಎದ್ದಿತ್ತು, ಮೂತಿ ಮೊಂಡು. ಅದನ್ನು ಅಂಗೈಯಲ್ಲಿ ತೂಗಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು, ಕೊನೆಗೆ ಬುಡಮೇಲು ಮಾಡಿದರು. ಮೂತಿಯ ಕೆಳಗೆ ಕರೆಂಟು ಹೀರುವ ಎರಡು ತಾಮ್ರದ ಪಟ್ಟಿ ಬೆರಳಿಗೆ ಸಿಕ್ಕಿದ್ದೇ ಮುಖ ಅರಳಿತು.

"ಎರಡು ಹಲ್ಲು. ಓಟಕ್ಕೆ ಸರಿಯಾದ ವಯಸ್ಸು."

"ಅದಕ್ಕೂ ಎರಡೇ ಇದೆಯಲ್ಲ" ಎಂದರು ಎಂಜಿನಿಯರರು.

"ಅದರದು ಸವೆದೈತೆ ಸ್ವಾಮಿ. ಇದು ತೂಕ ಹಿಂದುಗಡೆ ಇಟ್ಕೊಂಡೈತೆ, ಗೊರಸು ಮೆತ್ತಗೈತೆ." ಹೊಟ್ಟೆಯಡಿಯ ತಿರುಪು ಮುಟ್ಟಿ, "ಸುಳಿಯೂ ಬಿಗಿಯಾಗೈತೆ. ಇದೇ ನಂದು" ಎಂದರು.

ಹತ್ತು ಸುತ್ತಿನ ಪಂದ್ಯ. ಎಂಜಿನಿಯರರು ಹೆಬ್ಬೆರಳನ್ನು ಪೂರ್ತಿ ಒತ್ತಿಹಿಡಿದರು. ಮಾವ ಎಡಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿ, ಕತ್ತು ವಾಲಿಸಿ, ಕಣ್ಣು ಮುಚ್ಚಿಕೊಂಡೇ ಗುಂಡಿ ಒತ್ತುತ್ತಾ ಬಿಡುತ್ತಾ ನಿಂತರು. ಏನು ಗತ್ತು ಈ ಮನುಷ್ಯನಿಗೆ ಎಂದು ನಾನು ಒಳಗೊಳಗೇ ನಕ್ಕೆ. ಎರಡನೇ ಸುತ್ತಿನ ತಿರುವಿನಲ್ಲಿ ಕೆಂಪು ಕಾರು ದಾರಿ ಬಿಟ್ಟು ಹಾರಿ ಗೌಡರ ಮುರುಕ್ಕಿನ ತಟ್ಟೆಯಲ್ಲಿ ಇಳಿಯಿತು. ಅದನ್ನು ಒರೆಸಿ ಮತ್ತೆ ಇಡುವಷ್ಟರಲ್ಲಿ ಹಸಿರು ಮುಂದಾಗಿತ್ತು.

ಆರನೇ ಸುತ್ತಿಗೆ ದ್ರಾಕ್ಷಿ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದವು. ಕರೆಂಟು ಇಳಿಯಿತು, ಎರಡೂ ಕಾರು ತೆವಳತೊಡಗಿದವು. ತಮ್ಮದೇ ಇಲಾಖೆಯ ಕರೆಂಟು, ಎಂಜಿನಿಯರರು ಯಾರಿಗೆ ದೂರು ಕೊಡಬೇಕು? "ದಣಿದಾವೆ, ನೀರು ಕುಡೀಲಿ" ಎಂದು ಮಾವ ಬೆರಳು ಸಡಿಲ ಬಿಟ್ಟರು. ಎಂಜಿನಿಯರರು ಇನ್ನೂ ಜೋರಾಗಿ ಒತ್ತಿದರು. ಕರೆಂಟು ದಿಢೀರನೆ ತುಂಬಿ ಬಂದಾಗ ಕೆಂಪು ಕಾರು ಹುಚ್ಚೆದ್ದು ನೆಗೆದು ಮಂಚದಡಿ ಸೇರಿತು. ಹಸಿರು ಮೆಲ್ಲಗೆ ತಲೆ ಎತ್ತಿ, ಒಂದೊಂದು ತಿರುವಿಗೂ ಮರ್ಯಾದೆ ಕೊಟ್ಟು, ಹತ್ತೂ ಸುತ್ತು ಮುಗಿಸಿ ನಿಂತಿತು. ಎಂಜಿನಿಯರರು ಕೆಂಪು ಕಾರಿನ ಚಕ್ರವನ್ನು ತಾವೇ ಉಗುರಿನಿಂದ ಒತ್ತಿ ನೋಡಿ, "ನಿಜ, ಕಲ್ಲಾಗಿದೆ" ಎಂದು ಕೈಮುಗಿದರು. ಗೌಡರು ಎದ್ದು ನಿಂತು, "ಗುರುವಾರ ಬೆಳಿಗ್ಗೆ ಗಾಡಿ ಕಳಿಸ್ತೀನಿ ಅಣ್ಣ" ಎಂದರು. ಆ ಗಳಿಗೆಯಲ್ಲಿ ನಮ್ಮ ಮಾವನ ಎದೆಯ ಅಗಲ ಯಾವ ಹೋರಿಗೂ ಇದ್ದಿರಲಾರದು!

ಕಾಲುವೆಯ ಏರಿಯ ಮೇಲೆ ಮನೆಗೆ ಬರುತ್ತಿದ್ದೆವು. ನಾನು ಗೆಲುವಿನ ಮಾತಿನಲ್ಲೇ ಮುಳುಗಿದ್ದೆ. ಮಾವ ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳಿದರು.

"ನಂದು ಎಂಥಾ ಬಣ್ಣ ತಾಯಿ?"

ನನ್ನ ಕಾಲು ನಿಂತಿತು. ಊರಿದ ಅಂಗೈ, ವಾಲಿಸಿದ ಕತ್ತು, ಮುಚ್ಚಿದ ಕಣ್ಣು ಎಲ್ಲ ಒಟ್ಟಿಗೆ ತಿಳಿಯಿತು. ಕೈಗೆ ತಾಗುವ ನಡುಕ, ಕಿವಿಗೆ ಬೀಳುವ ಸದ್ದು, ಇಷ್ಟರಲ್ಲೇ ಓಡಿಸಿ ಗೆದ್ದಿದ್ದರು. ನಾನು ಅದನ್ನು ಗತ್ತು ಎಂದು ನಕ್ಕಿದ್ದೆ.

"ಹಸಿರು ಮಾವ. ತೆನೆ ಬರೋ ಮೊದಲು ನಮ್ಮ ಗದ್ದೆ ಇರ್ತದಲ್ಲ, ಆ ಹಸಿರು."

"ಹಂಗಾದ್ರೆ ಒಳ್ಳೇ ಬಣ್ಣನೇ" ಎಂದರು.

ಗುರುವಾರ ಗೌಡರ ಗಾಡಿ ಬಂತು. ಮಾವ ನನ್ನನ್ನೂ ಹೊರಡಿಸಿದ್ದರು. ನಮ್ಮಲ್ಲಿ ದೊಡ್ಡಿಯ ಹೋರಿ ಆರಿಸಲು ಹೆಂಗಸು ಹೋದದ್ದಿಲ್ಲ. ಗೌಡರು ಹುಬ್ಬು ಏರಿಸಿ, "ಇವಳು ಯಾಕಣ್ಣ?" ಎಂದರು.

"ಬಣ್ಣ ಇವಳು ಹೇಳ್ತಾಳೆ" ಎಂದರು ಮಾವ, ನನ್ನ ಕೈ ಬಿಡದೆ. "ಮಿಕ್ಕದ್ದು ನಾನು ಹೇಳ್ತೀನಿ."

ಗೌಡರು ಮಾವನ ಕಣ್ಣನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಾಡಿಯಲ್ಲಿ ಒತ್ತರಿಸಿ ಕೂತು ನನಗೆ ಜಾಗ ಬಿಟ್ಟರು.